ಶಿವುವಿನ ಹಣೆಯ ಮೇಲೆ ಎದ್ದ ಮೂರು ಗೆರೆ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮೈಮೇಲಾದರೂ ಒಂದು ಕೆಂಪು ಗುರುತು ಕಂಡರೆ ಸಾಕು, ನನ್ನ ಹೆಬ್ಬೆರಳು ನನ್ನ ಅಪ್ಪಣೆಗೂ ಕಾಯದೆ ಹೋಗಿ ಅದನ್ನು ಒತ್ತಿಬಿಡುತ್ತದೆ. ಒತ್ತಿ, ಬಿಟ್ಟು, ಬೆಳ್ಳಗಾಗಿ ಮತ್ತೆ ಕೆಂಪಾಯಿತೇ ಎಂದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಸಾಂಬ್ರಾದಿಂದ ಬರುವ ಶಾರದಾ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ್ದಳು. ಇನ್ನೂ ಹೆಸರು ಕೇಳಿದ್ದಷ್ಟೇ, ಅವಳ ಮುಂಗೈ ಹಿಡಿದು ಒತ್ತಿಬಿಟ್ಟೆ. "ಮೇಡಮ್ಮಾರ, ಅದು ಕೆಂಪ್ ಪೆನ್ನಿನ ಶಾಯಿರೀ," ಎಂದಳು ಪಾಪ. ಅಂದಿನಿಂದ ನಾನು ಹತ್ತಿರ ಹೋದರೆ ಜನ ಅಂಗಿಯ ತೋಳು ಇಳಿಬಿಟ್ಟುಕೊಳ್ಳುತ್ತಾರೆ.

ನಗಬೇಡಿ. ಈ ಚಾಳಿಗೆ ಕಾರಣವಿದೆ. ನಾನು ಹುಟ್ಟಾ ಪಿತ್ತದ ಗಂಧೆಯವಳು. ನಮ್ಮ ಕಡೆ 'ಪಿತ್ತ ಎದ್ದಾವ', 'ಗಾದರಿ ಎದ್ದಾವ' ಅನ್ನುತ್ತಾರಲ್ಲ, ಅದೇ. ಹೊಟ್ಟೆ ಮೇಲೆ ಒಂದು ಬಟಾಣಿಯಷ್ಟು ಎದ್ದಿದ್ದನ್ನು ನೋಡಿ ಕೆರೆದುಕೊಂಡು ನೀವು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅದು ರೊಟ್ಟಿಯಷ್ಟಾಗಿರುತ್ತದೆ. ಅಂಚು ದಪ್ಪ, ನಡು ಸ್ವಲ್ಪ ಬಿಳಿ, ಸುತ್ತ ಕೆಂಪು. ಸಂಜೆಗೆ ನೋಡಿದರೆ ಹೊಟ್ಟೆ ನುಣ್ಣಗೆ, ತೊಡೆಯ ಮೇಲೆ ಹೊಸ ಸಂಸಾರ. ಗಾಯವಾದರೆ ಕಲೆ ಉಳಿಯುತ್ತದೆ, ಸಿಡುಬಾದರೆ ಕುಳಿ ಉಳಿಯುತ್ತದೆ. ಇದೊಂದು ಮಾತ್ರ ಮೈಯೆಲ್ಲ ಬೆಟ್ಟಗುಡ್ಡ ಎಬ್ಬಿಸಿ, ಒಂದು ಹಗಲು ರಾತ್ರಿಯೊಳಗೆ ಆ ಜಾಗದಲ್ಲಿ ಏನೂ ಆಗಿರಲೇ ಇಲ್ಲವೆಂಬಂತೆ ಎದ್ದು ಹೋಗುತ್ತದೆ. ಐವತ್ತು ದಾಟಿದ ಮೇಲೂ ನನಗೆ ಇದರ ಬೆರಗು ಕಳೆದಿಲ್ಲ.

ಖಾನಾಪುರದಲ್ಲಿ ನಾನು ಸಣ್ಣವಳಿದ್ದಾಗ ನನ್ನ ಪಿತ್ತಕ್ಕೆ ಮೂವರು ವೈದ್ಯರು. ಅವ್ವ ಮಣ್ಣಿನ ಗಡಿಗೆಯಲ್ಲಿ ಅಮಸೂಲ, ಅಂದರೆ ಒಣಗಿದ ಪುನರ್ಪುಳಿ ಸಿಪ್ಪೆ, ನೆನೆಹಾಕಿ, ಆ ಕೆಂಪು ಹುಳಿನೀರನ್ನು ಮೈಗೆಲ್ಲ ಬಳಿಯುತ್ತಿದ್ದಳು. ಅಜ್ಜಿ ಕರಿ ಕಂಬಳಿ ತಂದು ನನ್ನನ್ನು ಅದರಲ್ಲಿ ಸುತ್ತಿ ಗಸಗಸ ತಿಕ್ಕುತ್ತಿದ್ದಳು. ತುರಿಕೆಗೆ ತುರಿಕೆಯೇ ಮದ್ದು ಎಂಬುದು ಅವಳ ಶಾಸ್ತ್ರ. ಬಾಜೂ ಮನೆಯ ಮರಾಠಿ ಕಾಕು "ಅಗಂಬಾಯಿ!" ಎನ್ನುತ್ತ ಗೋಡೆಗೆ ಹಚ್ಚುವ ಕಾವಿ ಕಲಸಿಕೊಂಡು ಬರುತ್ತಿದ್ದಳು. ಮೂವರೂ ಮುಗಿಸುವ ಹೊತ್ತಿಗೆ ನಾನು ಹೊಸದಾಗಿ ಬಣ್ಣ ಬಳಿದ ಗಣಪತಿಯಂತೆ ಕಾಣುತ್ತಿದ್ದೆ. ಮರುದಿನ ಪಿತ್ತ ಇಳಿದಿರುತ್ತಿತ್ತು. ಆಮೇಲೆ ಯಾರ ಮದ್ದಿನಿಂದ ಇಳಿಯಿತು ಎಂದು ಮೂವರಿಗೂ ವಾದ. ಅದು ತಾನಾಗಿಯೇ ಇಳಿಯುತ್ತಿತ್ತು ಎಂದು ಹೇಳುವ ಧೈರ್ಯ ಪಿತ್ತಕ್ಕೂ ಇರಲಿಲ್ಲ.

ಕಂಬಳಿ ತಿಕ್ಕಿದರೆ ಇನ್ನಷ್ಟು ಏಳುತ್ತದೆ ಎಂದು ನನಗೆ ತಿಳಿದದ್ದು ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ. ಅಲ್ಲಿ ನಾನು ತೋರಿಸಿಕೊಂಡ ಚರ್ಮದ ಡಾಕ್ಟರಮ್ಮ ಸಮಾಧಾನದ ಹೆಂಗಸು. ಬಿಸಿನೀರು ಬ್ಯಾಡ, ಬಿಗಿ ಬಟ್ಟಿ ಬ್ಯಾಡ, ಕೆರಕೋಬ್ಯಾಡ್ರಿ, ತಣ್ಣೀರಿನ ಅರಿವೆ ಇಡ್ರಿ, ಕಾಟ ಹೆಚ್ಚಾದ ದಿವಸ ಈ ಮಾತ್ರೆ ನುಂಗ್ರಿ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿ ಹೇಳಿದರು: "ಇದೊಂದು ನೆಪ್ಪಿಡ್ರಿ. ತುಟಿ ಬಾತ್ರ, ನಾಲಿಗಿ ದಪ್ಪ ಆದ್ರ, ಉಸಿರು ಕಟ್ಟಿದಂಗ ಆದ್ರ, ಅದು ಮನೀ ಮದ್ದಿನ ಆಟ ಅಲ್ಲ. ಇದ್ದ ಸೀರಿ ಮ್ಯಾಲ ದವಾಖಾನಿಗೆ ಓಡಬೇಕು." ನನಗೆ ಹಾಗೆ ಎಂದೂ ಆಗಿಲ್ಲ. ಆದರೂ ಯಾರಿಗೇ ಪಿತ್ತ ಎದ್ದಿದೆ ಎಂದು ಕೇಳಲಿ, ಇಂದಿಗೂ ನನ್ನ ಕಣ್ಣು ಮೊದಲು ಅವರ ತುಟಿಗೇ ಹೋಗುತ್ತದೆ.

ನನ್ನ ಪಿತ್ತಕ್ಕೆ ಇನ್ನೊಂದು ವಿದ್ಯೆ ಗೊತ್ತಿದೆ. ಅದನ್ನು ಹೇಳದಿದ್ದರೆ ಮುಂದಿನ ಕಥೆ ನಿಮಗೆ ಹತ್ತುವುದಿಲ್ಲ. ನನ್ನ ಚರ್ಮದ ಮೇಲೆ ಬರೆಯಬಹುದು. ಶಾಯಿ ಬೇಡ, ಬಳಪ ಬೇಡ. ಉಗುರಿನಿಂದ ಒಂದು ಗೆರೆ ಒತ್ತಿ ಎಳೆದರೆ ಸಾಕು, ಕ್ಷಣ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಗೆರೆ ಕೆಂಪಾಗುತ್ತದೆ, ನೋಡನೋಡುತ್ತ ಹಗ್ಗದಂತೆ ಉಬ್ಬಿ ನಿಲ್ಲುತ್ತದೆ. ಅರ್ಧ ತಾಸೋ ಒಂದು ತಾಸೋ ಇದ್ದು ಮಾಯವಾಗುತ್ತದೆ. ಕೆಲವರ ಚರ್ಮ ಹೀಗಿರುತ್ತದೆ, ಹೆದರುವಂಥದ್ದಲ್ಲ ಎಂದರು ಡಾಕ್ಟರಮ್ಮ. ಸಾಲಿಯಲ್ಲಿ ನನ್ನ ಹಿಂದಿನ ಬೆಂಚಿನ ಗೆಳತಿ ಇದನ್ನು ಎಂದೋ ಕಂಡುಹಿಡಿದು, ಹೇರ್‌ಪಿನ್ನಿನಿಂದ ನನ್ನ ಕುತ್ತಿಗೆಯ ಹಿಂದೆ 'ಕತ್ತೆ' ಎಂದು ಬರೆದಿದ್ದಳು. ಟೀಚರು ಸಿಟ್ಟಿನಿಂದ ಒದ್ದೆ ಬಟ್ಟೆ ತಂದು ಉಜ್ಜಿದಷ್ಟೂ ಕತ್ತೆ ಇನ್ನೂ ದಪ್ಪವಾಯಿತು. ಮನೆಯಲ್ಲಿ ನನ್ನ ತಂಗಿ ಗಿರಿಜಾ ಮಾತ್ರ ನನ್ನ ತೋಳಿನ ಮೇಲೆ ಹೂವು, ಬಳ್ಳಿ, ನವಿಲು ಬಿಡಿಸುತ್ತಿದ್ದಳು. ಬಿಡಿಸಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ನವಿಲು ಎದ್ದು ಬಂದಾಗ ಅವಳ ಬಾಯಿ ತೆರೆದೇ ಇರುತ್ತಿತ್ತು. ಮಾತು ಕಡಿಮೆಯ ಹುಡುಗಿ ಅವಳು. ನಾನು ಬಾಯಿಬಡುಕಿ. ಇಬ್ಬರ ಪಾಲಿನ ಮಾತೂ ನನಗೇ ಬಂದಿತೆಂದು ಅವ್ವ ಹೇಳುತ್ತಿದ್ದಳು.

ಗಿರಿಜಾಳನ್ನು ಖಾನಾಪುರದಲ್ಲೇ ಒಂದು ಹಿರಿಯ ಅಯ್ಯನವರ ಮನೆಗೆ ಕೊಟ್ಟಿದ್ದೇವೆ. ದೊಡ್ಡ ಮನಸ್ಸಿನ ಜನ. ಅವಳ ಮಾವನವರನ್ನು ಊರೆಲ್ಲ ಅಜ್ಜಾರು ಅನ್ನುತ್ತದೆ. ಹೊಲವೂ ಉಂಟು, ನಾಲ್ಕು ಮನೆಗಳಿಗೆ ಹೋಗಿ ಪೂಜೆ ಮಾಡಿಸುವುದೂ ಉಂಟು. ಬಹಳ ದಿನ ಹರಕೆ ಹೊತ್ತ ಮೇಲೆ ಹುಟ್ಟಿದವನು ಅವಳ ಮಗ ಶಿವು. ಈ ವರ್ಷ ಅವನ ಅಯ್ಯಾಚಾರ ಆಯಿತು. ನಮ್ಮ ಮಂದಿಯಲ್ಲಿ ಗಂಡುಮಕ್ಕಳಿಗೆ ದೀಕ್ಷೆ ಕೊಟ್ಟು ವಿಭೂತಿ ಧಾರಣೆ ಮಾಡಿಸುವ ಕಾರ್ಯ ಅದು. ಆಡಿಟ್ ನಡೆದಿದ್ದರಿಂದ ನನಗೆ ಹೋಗಲಾಗಲಿಲ್ಲ.

ಮೂರನೆಯ ದಿನ ಗಿರಿಜಾ ಫೋನ್ ಮಾಡಿದಳು. "ಅಕ್ಕಾ, ಬರ್ತೀಯೇನ?" ಎಂದಳು. ಯಾಕೆ ಎಂದರೆ ಸುಮ್ಮನಾದಳು. ಸುಮ್ಮನಿರುವುದು ಅವಳಿಗೆ ಹೊಸದಲ್ಲ, ಆದರೆ ಈ ಸುಮ್ಮನಿರುವಿಕೆಯಲ್ಲಿ ಮೂಗು ಒರೆಸಿಕೊಂಡ ಸದ್ದಿತ್ತು. ಆಮೇಲೆ ಹೇಳಿದಳು: "ಶಿವೂನ್ನ ಮಠಕ್ಕ ಮರಿ ಮಾಡ್ತಾರಂತ."

ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಸಣ್ಣ ಮಠವಿದೆ. ಸ್ವಾಮಿಗಳಿಗೆ ವಯಸ್ಸಾಗಿದೆ. ಅವರ ನಂತರ ಪೀಠಕ್ಕೆ ಕೂರುವ ಹುಡುಗ, ಅಂದರೆ ಮರಿ, ಬೇಕಾಗಿತ್ತು. ಮರಿಯಾದವನು ಮಠದಲ್ಲೇ ಬೆಳೆಯುತ್ತಾನೆ. ಆಮೇಲೆ ಅವನಿಗೆ ಅಪ್ಪ ಅವ್ವನ ಮನೆ ಎಂಬುದಿಲ್ಲ. ಹೆತ್ತವಳೂ ಬಂದು ಕಾಲಿಗೆ ಬಿದ್ದು ಹೋಗಬೇಕು. ಅದು ಕುಲಕ್ಕೆ ದೊಡ್ಡ ಗೌರವ, ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಲ್ಲಿ ಅಷ್ಟು ಹುಡುಗರಿರುವಾಗ ಶಿವುವೇ ಯಾಕೆ ಎಂದೆ.

"ಅವನ ಹಣಿ ಮ್ಯಾಲ ವಿಭೂತಿ ಮೂಡೈತಿ ಅಕ್ಕಾ," ಎಂದಳು.

ರಾಮತೀರ್ಥ ನಗರದಿಂದ ಬಸ್‌ಸ್ಟ್ಯಾಂಡಿಗೆ ರಿಕ್ಷಾ, ಅಲ್ಲಿಂದ ಖಾನಾಪುರದ ಬಸ್. ಬಸ್ಸು ಪೀರನವಾಡಿ ದಾಟುವ ಹೊತ್ತಿಗೆ ನನಗೆ ಎಲ್ಲವೂ ನಿಚ್ಚಳವಾಗಿತ್ತು. ಶಿವು ದಿನವೂ ತಾನೇ ವಿಭೂತಿ ಹಚ್ಚಿಕೊಳ್ಳುತ್ತಿದ್ದ, ಸಾಲಿಗೆ ಹೊತ್ತಾಯಿತೆಂದು ಹಣೆಗೆ ಗಾಳಿ ಸೋಕಿಸಿದಂತೆ. ಅಯ್ಯಾಚಾರದ ದಿನ ಹಚ್ಚಿದವರು ಅಜ್ಜಾರು. ನೇಗಿಲು ಹಿಡಿದ ಬೆರಳು, ಮೇಲೆ ಭಕ್ತಿ. ಮೂರು ಬೆರಳು ಒತ್ತಿ ಎಳೆದಿರಬೇಕು. ವಿಭೂತಿ ತೊಳೆದರೂ ಗೆರೆ ಉಳಿದಿರಬೇಕು. ಈ ಹುಡುಗ ನನ್ನ ಚರ್ಮ ಹೊತ್ತು ಹುಟ್ಟಿದ್ದಾನೆ ಎಂದು ತಿಳಿದು ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಅದೇನೋ ಹಿಗ್ಗು. ಹೋಗಿ ಎರಡು ಮಾತು ಹೇಳಿದರೆ ಮುಗಿಯಿತು ಎಂದುಕೊಂಡೆ. ಎರಡು ಮಾತಿನಲ್ಲಿ ಏನನ್ನಾದರೂ ಮುಗಿಸಿದವಳಲ್ಲ ನಾನು, ಅದು ಬೇರೆ ವಿಷಯ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಜನ. ಶಿವುವನ್ನು ಮಣೆಯ ಮೇಲೆ ಕೂರಿಸಿದ್ದರು. ಕೊರಳಲ್ಲಿ ಮಾಲೆ, ಕೈಯಲ್ಲಿ ಯಾರೋ ಕೊಟ್ಟ ಬಿಸ್ಕಿಟ್ ಪುಡಿಕೆ. ನಾನು ಮೊದಲು ಅವನ ತುಟಿ ನೋಡಿದೆ. ನಾಲಿಗೆ ತೆಗೆ ಎಂದೆ. ಉಸಿರಾಡಲು ತ್ರಾಸವೇ ಎಂದೆ. "ಇಲ್ಲ ದೊಡ್ಡವ್ವ, ಹಣಿ ತುರಸ್ತೈತಿ, ಕೆರಕೊಳ್ಳಾಕ ಬಿಡವಲ್ರು," ಎಂದ. ಅಜ್ಜಾರ ತಂಗಿ ಗೌರಕ್ಕ ಪಕ್ಕದಲ್ಲೇ ಕಾವಲು ಕೂತಿದ್ದರು.

ಆಗ ಅಜ್ಜಾರು ಸ್ನಾನ ಮಾಡಿ ಬಂದರು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, ಹುಡುಗನ ಹಣೆಯ ಈ ಕೊನೆಯಿಂದ ಆ ಕೊನೆಗೆ ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಗೌರಕ್ಕ ಒದ್ದೆ ಅರಿವೆಯಿಂದ ಮೆಲ್ಲಗೆ ಒರೆಸಿದರು. ಬೂದಿ ಹೋಯಿತು. ಹಣೆಯ ಮೇಲೆ ಮೂರು ಗೆರೆ ಎದ್ದು ನಿಂತವು. ಸಮ, ನೆಟ್ಟಗೆ, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಪ್ರತಿ ಗೆರೆಯ ಕೆಳಗೂ ಒಂದು ಸಣ್ಣ ನೆರಳಿತ್ತು.

ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ. ಎಲ್ಲ ಗೊತ್ತಿದ್ದ ನಾನು, ಕತ್ತೆಯಿಂದ ನವಿಲಿನವರೆಗೆ ಎಲ್ಲವನ್ನೂ ಮೈಮೇಲೆ ಎಬ್ಬಿಸಿಕೊಂಡ ನಾನು, ಕೈ ಮುಗಿದುಬಿಟ್ಟೆ. ಕೈ ತಾವೇ ಕೂಡಿದವು. ನನ್ನ ಮೈಮೇಲೆ ಎದ್ದಾಗ ಅದು ತುರಿಕೆ, ಔಷಧದ ಅಂಗಡಿಯ ವ್ಯವಹಾರ. ಆ ಪುಟ್ಟ ಹಣೆಯ ಮೇಲೆ ನೋಡಿದಾಗ ಮಾತ್ರ, ಚರ್ಮದ ಒಳಗೆ ಯಾರೋ ಕೂತು ಹೊರಗಿನವರು ಮುಟ್ಟಿದ್ದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಗಿರಿಜಾಳ ಮುಖ ಕಂಡಿತು, ಮುಗಿದ ಕೈ ಇಳಿಸಿದೆ.

"ಅಜ್ಜಾರ, ತಪ್ಪು ತಿಳಕೋಬ್ಯಾಡ್ರಿ," ಎಂದೆ. "ಇದು ಪಿತ್ತರೀ. ನನಗೂ ಹಿಂಗ ಆಗ್ತೈತಿ. ತೋರಸ್ತೀನಿ ನೋಡ್ರಿ."

ತುರುಬಿನಿಂದ ಹೇರ್‌ಪಿನ್ ಕಿತ್ತು, ಅದರ ಮೊಂಡು ಬೆನ್ನಿನಿಂದ ನನ್ನ ಮುಂಗೈ ಮೇಲೆ ಮೂರು ಗೆರೆ ಎಳೆದೆ. ಎಲ್ಲರೂ ಬಗ್ಗಿ ನೋಡಿದರು. ಗೆರೆ ಕೆಂಪಾಯಿತು. ಉಬ್ಬಿತು. ನಾನು ಗೆದ್ದವಳಂತೆ ತೋಳನ್ನು ಎತ್ತಿ ಹಿಡಿದೆ.

"ಯವ್ವಾ!" ಎಂದು ಕೂಗಿ ಗೌರಕ್ಕ ನನ್ನ ಕಾಲು ಹಿಡಿದರು. "ದೊಡ್ಡವ್ವನ ಮೈಯಾಗೂ ಐತ್ರಪಾ! ತಾಯೀ ಕಡಿಂದ ಬಂದೈತಿ ಕೂಸಿಗೆ!"

ಹಿಂದೆ ನಿಂತವರು ಮುಂದೆ ಬಂದರು. ಯಾರೋ ಕಾಯಿ ಒಡೆಯಲು ಹೋದರು. ಒಬ್ಬ ಮುದುಕಿ ತನ್ನ ಮೊಣಕಾಲು ನೋವಿಗೆ ನನ್ನ ಕೈ ಮುಟ್ಟಿಸಿಕೊಂಡಳು. ಒಂದು ಪವಾಡವನ್ನು ಅಲ್ಲಗಳೆಯಲು ಬಂದು ಎರಡು ಪವಾಡ ಮಾಡಿ ನಿಂತಿದ್ದೆ. ನನ್ನ ಗಂಡನೇನಾದರೂ ಅಲ್ಲಿದ್ದಿದ್ದರೆ ಜನ್ಮವಿಡೀ ನಗುತ್ತಿದ್ದರು.

ಆದರೆ ಪರ್ಸಿನಲ್ಲಿ ಡಾಕ್ಟರಮ್ಮ ಕೊಟ್ಟ ಪಿತ್ತದ ಮಾತ್ರೆ ಇತ್ತು. "ಹಂಗಾದ್ರ ಒಂದು ಕೆಲಸಾ ಮಾಡೂಣು," ಎಂದೆ. "ನಾ ಈ ಗುಳಿಗಿ ನುಂಗ್ತೀನಿ. ಊಟಾ ಆದ ಮ್ಯಾಲ ಎಲ್ಲಾರೂ ಮತ್ತ ಇಲ್ಲೇ ಕುಂದರ್ರಿ. ಇದ ಪಿನ್ನಿಲೆ ಅಜ್ಜಾರ ತಮ್ಮ ಕೈಯಾರ ಗೆರಿ ಎಳೀಲಿ. ಪಿತ್ತ ಆಗಿದ್ರ ಈ ಸಲಾ ಏಳೂದಿಲ್ಲ."

ಊಟಕ್ಕೆ ಕೂತೆವು. ಗಿರಿಜಾ ಬಡಿಸುತ್ತ ಬಂದಳು, ನನ್ನ ತಟ್ಟೆಯ ಮುಂದೆ ಬಗ್ಗಿದಾಗ ಮೆಲ್ಲಗೆ ಕೇಳಿದೆ: "ನಿನಗ ಮೊದಲ ಗೊತ್ತಿತ್ತಲ್ಲೇ? ನನ್ನ ಕೈ ಮ್ಯಾಲ ಅಷ್ಟು ಬಿಡಿಸಿದಾಕಿ ನೀನು." ಅವಳು ಹೌದೆಂದು ತಲೆಯಾಡಿಸಿದಳು. "ಮತ್ತ ಹೇಳಬೇಕಿಲ್ಲೋ?" ಎಂದೆ. ಅವಳು ಪಲ್ಯದ ಪಾತ್ರೆ ಎತ್ತಿಕೊಂಡು ಮುಂದೆ ಹೋದಳು. ಅವಳ ಗಂಡ ಸಂಗಯ್ಯ ತಲೆ ಬಗ್ಗಿಸಿ ಊಟ ಮಾಡುತ್ತಿದ್ದ. ಅಪ್ಪನ ಮಾತೇ ಅವನ ಮಾತು, ಅವನು ಕೆಟ್ಟವನಲ್ಲ.

ಮಧ್ಯಾಹ್ನ ಇಳಿಯುವಾಗ ಮತ್ತೆ ಪಡಸಾಲೆ ತುಂಬಿತು. ಅಜ್ಜಾರು ನನ್ನ ಮುಂಗೈ ಹಿಡಿದು ಪಿನ್ನಿನಿಂದ ಎಳೆದರು. ಒತ್ತಿಯೇ ಎಳೆದರು, ನೋವಾಯಿತು. ಕಾದೆವು. ಗೆರೆ ಸ್ವಲ್ಪ ಕೆಂಪಾಯಿತು. ಇನ್ನೂ ಕಾದೆವು. ಏಳಲಿಲ್ಲ. ತೋಳು ನುಣ್ಣಗೆ ಬಿದ್ದುಕೊಂಡಿತ್ತು. ಇದೂ ನನಗೆ ಬೆರಗೇ. ಅಷ್ಟು ವರ್ಷ ಅಮಸೂಲ, ಕಂಬಳಿ, ಕಾವಿ ಯಾವುದಕ್ಕೂ ಬಗ್ಗದ ಹಟಮಾರಿ ಚರ್ಮ ಒಂದು ಬಿಳಿ ಗುಳಿಗೆಗೆ ಹೇಗೆ ಸುಮ್ಮನಾಯಿತು?

"ಗುಳಿಗಿ ಕೊಟ್ಟು ದೇವರನ್ನ ಓಡಿಸಿಬಿಟ್ರೆಲ್ಲಾ," ಎಂದು ಗೌರಕ್ಕ ಹಣೆ ಬಡಿದುಕೊಂಡರು.

ಅಜ್ಜಾರು ನಕ್ಕರು. ನಗುತ್ತಾರೆಂದು ನಾನು ಎಣಿಸಿರಲಿಲ್ಲ. "ಗುಳಿಗಿಗೆ ಅಂಜೂ ದೇವರು ದೇವರಲ್ಲ ಬಿಡು ಗೌರವ್ವ. ಪಿತ್ತನ ಇದು," ಎಂದರು. ಶಿವುವನ್ನು ಹತ್ತಿರ ಕರೆದು ಕೊರಳಿನ ಮಾಲೆ ತೆಗೆದರು. "ತುರಸ್ತಿತ್ತೇನೋ ತಮ್ಮಾ? ಹೇಳಬಾರದ?" ಎಂದು ಅವನ ಹಣೆಗೆ ತಣ್ಣೀರಿನ ಅರಿವೆ ಇಟ್ಟರು. ನನ್ನ ಕಡೆ ತಿರುಗಿ, "ನಾಳೆ ಬೆಳಗಾವಿಗೆ ಕರಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಸ್ರಿ. ಸಣ್ಣ ಕೂಸಿಗೆ ಯಾವ ಔಷಧ ಎಷ್ಟು ಕೊಡಬೇಕು ಅವರ ಹೇಳಲಿ," ಎಂದರು.

ನಾನು ಗೆದ್ದೆ ಎಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಕೇಳುವವಳಿದ್ದೆ.

"ಆದ್ರ ಮಠದವರಿಗೆ ಮಾತು ಕೊಟ್ಟೀನಿ," ಎಂದರು ಅಜ್ಜಾರು ಅದೇ ಮೆದು ದನಿಯಲ್ಲಿ. "ಗುರುತಿಲ್ಲ ಅಂದ್ರೇನಾತು? ಹುಡುಗ ಶಾಣ್ಯಾ ಇದ್ದಾನ, ಕಂಠ ಚಲೋ ಐತಿ. ಈ ನೆವದಿಂದರೆ ಒಂದು ಚಲೋ ಕೆಲಸಾ ಆಗಲಿ. ನಾಡದು ಅವರು ಬರ್ತಾರ. ಕಳಿಸಿಕೊಡೂಣು."

ಅವರ ಕಣ್ಣಲ್ಲಿ ನೀರಿತ್ತು. ಮೊಮ್ಮಗನೆಂದರೆ ಅವರಿಗೆ ಪ್ರಾಣ. ಪ್ರಾಣವನ್ನೇ ಕೊಡುತ್ತಿದ್ದೇನೆ ಎಂಬ ಭಕ್ತಿಯಲ್ಲೇ ಅವರು ಹಾಗೆ ಹೇಳಿದ್ದು. ಅದಕ್ಕೇ ಎದುರಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಒತ್ತಿ ನೋಡುವುದು, ಗೆರೆ ಎಳೆಯುವುದು, ಗುಳಿಗೆ ನುಂಗುವುದು, ನನ್ನ ವಿದ್ಯೆಯೆಲ್ಲ ಅಲ್ಲಿಗೆ ಮುಗಿದಿತ್ತು. ನನಗೆ ಅಳು ಬಂತು.

ಆಗ ಅಡುಗೆಮನೆಯ ಬಾಗಿಲಿನಿಂದ ಗಿರಿಜಾ ಈಚೆ ಬಂದಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಮಾವನವರ ಎದುರು ಪಡಸಾಲೆಯಲ್ಲಿ ನಿಂತು ಮಾತಾಡಿದವಳಲ್ಲ. ಸೆರಗು ಸರಿಮಾಡಿಕೊಂಡು, ಶಿವುವಿನ ಹಿಂದೆ ನಿಂತು, ಅವನ ಎರಡೂ ಹೆಗಲ ಮೇಲೆ ಕೈ ಇಟ್ಟಳು.

"ನಾ ಒಲ್ಲೆರೀ ಮಾವಾರ," ಎಂದಳು.

ಯಾರಿಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಅವಳು ಮತ್ತೆ ಹೇಳಿದಳು. "ಪಿತ್ತ ಅಂತ ನನಗ ಮೊದಲನೇ ದಿನಾನ ಗೊತ್ತಿತ್ರಿ. ಹೇಳಲಿಲ್ಲ. ಪಿತ್ತ ಅಂತ ಹೇಳಿ ಬಿಡಿಸಿಕೊಂಡ್ರ, ಮುಂದ ಒಂದಿನ ಇನ್ನೊಂದು ಗುರುತು ಸಿಗ್ತೈತಿ. ಅವತ್ತ ಏನ್ ಹೇಳ್ಲಿ ಅಂತ ಅಂಜಿಕಿ ಬಂತ್ರಿ. ಈಗ ಹೇಳ್ತೀನಿ. ಇದು ಪಿತ್ತ ಆಗಿರದ, ಖರೇನ ಶಿವನ ಬಂದು ಬರದು ಹೋಗಿದ್ರೂ, ನಾ ನನ್ನ ಕೂಸಿನ್ನ ಕೊಡೂದಿಲ್ಲರೀ."

ನನ್ನ ತಂಗಿ. ತೋಳಿನ ಮೇಲೆ ನವಿಲು ಏಳುವುದನ್ನು ಬಾಯಿ ತೆರೆದು ನೋಡುತ್ತಿದ್ದ ಹುಡುಗಿ. ಈಗ ನನ್ನ ಬಾಯಿ ತೆರೆದಿತ್ತು. ಶಿವನಿಗೇ ಒಲ್ಲೆ ಅನ್ನುವ ಇಷ್ಟು ದೊಡ್ಡ ಜೀವ ನಮ್ಮ ಮನೆಯಲ್ಲೇ, ನನ್ನ ಮಗ್ಗುಲಲ್ಲೇ ಮಲಗಿ ಬೆಳೆದಿದ್ದು ನನಗೆ ಗೊತ್ತೇ ಇರಲಿಲ್ಲ. ಸಂಗಯ್ಯ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಎದ್ದು ಹೋಗಿ ಅವಳ ಪಕ್ಕ ನಿಂತ.

ಅಜ್ಜಾರು ಸೊಸೆಯ ಕಡೆ ತಿರುಗಿದರು. "ಇಷ್ಟು ದಿನಾ ಯಾಕ ಹೇಳಲಿಲ್ಲವ್ವಾ?" ಎಂದರು.

"ನೀವು ಪಂಚಾಂಗಾ ಕೇಳಿದ್ರಿ, ಮಠದಾಗ ಕೇಳಿದ್ರಿ, ಈಗ ಅಕ್ಕನ್ನೂ ಕೇಳಿದ್ರಿ. ನನ್ನ ಕೇಳಲಿಲ್ಲರೀ," ಎಂದಳು ಗಿರಿಜಾ. ದನಿಯಲ್ಲಿ ಸಿಟ್ಟಿರಲಿಲ್ಲ.

ಗೌರಕ್ಕ ಏನೋ ಹೇಳಲು ಬಾಯಿ ತೆರೆದರು. ಅಜ್ಜಾರು ಕೈ ಎತ್ತಿ ತಡೆದರು. ಗೋಡೆ ಹಿಡಿದು ಎದ್ದು, ಅಂಗಿಯ ಕಿಸೆಯಿಂದ ಫೋನ್ ತೆಗೆದು ಸಂಗಯ್ಯನ ಕೈಗೆ ಕೊಟ್ಟು ಮಠಕ್ಕೆ ಹಚ್ಚು ಎಂದರು. ಹಚ್ಚಿಕೊಟ್ಟ. ಆ ಕಡೆಯವರು ಹುಡುಗನ ಹಣೆಯ ವಿಷಯ ಕೇಳುತ್ತಿದ್ದಿರಬೇಕು. ಪಿತ್ತ ಎಂದು ಹೇಳಿ ಸುಲಭವಾಗಿ ಜಾರಿಕೊಳ್ಳಬಹುದಿತ್ತು, ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ನಾವೆಲ್ಲ ಅದನ್ನೇ ಕಾಯುತ್ತಿದ್ದೆವು.

"ಇಲ್ಲರೀ, ನಾಡದು ಬರೂದು ಬ್ಯಾಡ್ರಿ," ಎಂದರು ಅಜ್ಜಾರು. "ಹಣಿದು ಮಾತು ಬಿಡ್ರಿ, ಅದಕ್ಕಲ್ಲ. ಅವರವ್ವ ಒಲ್ಲೆ ಅಂದಾಳ."